ಎರಡನೇ ಕ್ಲಾಸಿನ ಒಂದನೇ ಭಾಗ

"ಗಡಿಗೆಪ್ಪನ ಬಾಯಿ ಎಷ್ಟನೇ ಕ್ಲಾಸು, ಹೇಳು ನೋಡೂಣು," ಅಂದಳು ಮಾನಮ್ಮ, ಮೊರದ ಅಕ್ಕಿಯಿಂದ ಕಣ್ಣೆತ್ತದೆ.

ಕಥೆಯನ್ನು ಹೀಗೆ ಶುರು ಮಾಡಬಹುದೇ? ಗಡಿಗೆಪ್ಪ ಯಾರೋ, ಅವನ ಬಾಯಿಯ ಉಸಾಬರಿ ನಮಗೇಕೋ ಎಂದು ನೀವು ಪುಟ ಮಗುಚಿಬಿಟ್ಟರೆ? ಇದಕ್ಕೂ ಮೊದಲು ಗಂಭೀರವಾದ ಒಂದು ಆರಂಭ ಬರೆದಿದ್ದೆ: 'ಅದು 1984ರ ಬೇಸಿಗೆ. ಮಾನ್ವಿಯ ಕಾಲುವೆಯಲ್ಲಿ ನೀರು ನಿಂತಿತ್ತು.' ಓದಿ ನೋಡಿದರೆ ನೀರಾವರಿ ಇಲಾಖೆಯ ವರದಿ. ಹರಿದು ಹಾಕಿದೆ. ಮಾನಮ್ಮನೇ ಶುರು ಮಾಡಲಿ ಬಿಡಿ. ಅವಳಿಗೆ ಓದುಬರಹ ಬಾರದು, ಪ್ರಶ್ನೆ ಕೇಳುವುದು ಚೆನ್ನಾಗಿ ಬರುತ್ತದೆ.

ಉತ್ತರ ಹೇಳಬೇಕಾದವನು ಅವಳ ತಮ್ಮ ಮೌನಪ್ಪ. ಹುಟ್ಟೂರು ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ. ಓದುವುದು ದೂರದೂರಿನಲ್ಲಿ, ಹಲ್ಲಿನ ಡಾಕ್ಟರಿಕೆ. ಎಲ್ಲ ವಿಷಯ ಪಾಸಾಗಿ ಆರ್ಥೊಡಾಂಟಿಕ್ಸ್ ಒಂದು ಉಳಿದಿದೆ, ಅಂದರೆ ಸೊಟ್ಟ ಹಲ್ಲು ನೆಟ್ಟಗೆ ಮಾಡುವ ವಿದ್ಯೆ. ಅದರ ಬಾಯಿಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ. ಇದು ಮೂರನೆಯ ಸಲ, ಕಾಲೇಜಿನವರ ಪ್ರಕಾರ ಕೊನೆಯದು. ಪ್ರತಿ ಸಲದಂತೆ ಓದಲು ಮಾನ್ವಿಯ ಅಕ್ಕನ ಮನೆಗೆ ಬಂದಿದ್ದಾನೆ. ನಾಳೆ ಬೆಳಿಗ್ಗೆ ರಾಯಚೂರಿಗೆ ಬಸ್ಸು, ಅಲ್ಲಿಂದ ರೈಲು.

1

ಆರು ವರ್ಷಕ್ಕೆ ಹುಟ್ಟುವ ಮೇಲಿನ ದವಡೆಹಲ್ಲಿನ ಮೊನೆ ಕೆಳಗಿನ ದವಡೆಹಲ್ಲಿನ ಕುಳಿಯಲ್ಲಿ ಸರಿಯಾಗಿ ಕೂರಬೇಕು. ಇದನ್ನು ಮೌನಪ್ಪ ಇಂಗ್ಲಿಷಿನಲ್ಲಿ ನೂರು ಸಲ ಉರು ಹೊಡೆದಿದ್ದ. ಅಕ್ಕ ಒಮ್ಮೆ ಅರ್ಥ ಕೇಳಿ, ಬೀಸುಕಲ್ಲಿನ ಗೂಟ ಕುಳಿಯಲ್ಲಿ ಕೂತ ಹಾಗೆ ಅನ್ನಬಾರದೇನು, ಅಂದಳು. ಅವತ್ತಿನಿಂದ ಪುಸ್ತಕದ ಚಿತ್ರಗಳಿಗೆ ರಜೆ. ಮಾನ್ವಿಯ ಮಂದಿಯ ಬಾಯಿಗಳೇ ಪಾಠ. ಹಲ್ಲು ಕೂಡುವ ಬಗೆ ನೋಡಿ ಪುಸ್ತಕ ಮಾಡಿದ್ದು ಮೂರು ಕ್ಲಾಸು, ಎರಡನೆಯದಕ್ಕೆ ಎರಡು ಭಾಗ.

ಮೊದಲನೇ ಕ್ಲಾಸು, ದರ್ಜಿ ಖಾಸಿಂ ಸಾಬ್. ದವಡೆ ಸರಿ ಕೂತಿದೆ, ಮುಂದಿನ ಹಲ್ಲುಗಳು ಮಾತ್ರ ಸಂತೆ ದಿನದ ಬಸ್ಸಿನ ಬಾಗಿಲು.

2, ಭಾಗ ಎರಡು

ಕೆಳದವಡೆ ಹಿಂದೆ, ಮೇಲಿನ ಮುಂಬಲ್ಲು ಒಳಕ್ಕೆ ಬಾಗಿದ್ದು: ಚಹಾದಂಗಡಿ ಹಂಪಣ್ಣ.

(ಇಲ್ಲಿ ಹಂಪಣ್ಣ ತಕರಾರು ತೆಗೆದ: "ನನ್ನ ಚಾ ಬಗ್ಗೆ ಒಂದು ಸಾಲು ಬರೀಲಿಲ್ಲ, ಹಲ್ಲಿನ ಬಗ್ಗೆ ಬರೀತೀರೇನ್ರೀ?" ಬರೆಯುತ್ತೇನೆ. ಹಂಪಣ್ಣನ ಚಹಾ ಚೆನ್ನಾಗಿರುತ್ತದೆ. ಆಯಿತಲ್ಲ, ಮುಂದೆ ಹೋಗೋಣ.)

3

ಕೆಳದವಡೆ ಮುಂದೆ ಬಂದದ್ದು, ಅಕ್ಕಿ ಗಿರಣಿಯ ಹಮಾಲ ಗಡಿಗೆಪ್ಪ. ಅವನು ಬರುವ ಮೊದಲು ಅವನ ಗದ್ದ ಬರುತ್ತದೆ.

ಈ ಪದ್ಧತಿಯಲ್ಲಿ ಒಂದು ಅಪಾಯವಿದೆ. ಹೋದ ಸಲ ಪರೀಕ್ಷಕರು ಗಾರೆಯ ಹಲ್ಲುಸೆಟ್ಟೊಂದನ್ನು, ಯಾರದೋ ಬಾಯಿಯ ಅಚ್ಚನ್ನು, ಮುಂದಿಟ್ಟು ಇದೇನೆಂದು ಕೇಳಿದರೆ, "ಗಡಿಗೆಪ್ಪ, ಸರ್," ಅಂದುಬಿಟ್ಟ. ಯಾವ ದೇಶದ ವಿಜ್ಞಾನಿ, ಯಾವ ಪುಸ್ತಕ ಎಂದು ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು. ಇವನು ಬೆವರಿ ಮೂರನೇ ಕ್ಲಾಸು ಎಂದು ತಿದ್ದಿಕೊಂಡ. ಅವರು ನಕ್ಕರು. ಬಚಾವಾದೆ ಅನ್ನುವಷ್ಟರಲ್ಲಿ ಎರಡನೇ ಸೆಟ್ಟು ಇಟ್ಟರು. ಅದನ್ನು ನೋಡಿ ಮೌನಪ್ಪನ ಬಾಯಿ ಕಟ್ಟಿತು. ಅದರ ಹಿಂದಿನ ಸಲವೂ ಅಷ್ಟೇ, ಅಂಥದೇ ಸೆಟ್ಟು.

ಎಚ್ಚರದಿಂದ ಓದುತ್ತಿರುವವರು ಗಮನಿಸಿರಬೇಕು: ಒಂದು ಬಂತು, ಎರಡರ ಎರಡನೇ ಭಾಗ ಬಂತು, ಮೂರು ಬಂತು. ಎರಡರ ಒಂದನೇ ಭಾಗ ಎಲ್ಲಿ? ನಾನು ನುಂಗಿದ್ದಲ್ಲ. ಮೌನಪ್ಪ ಹಾರಿಸಿದ, ಅವನ ಬೆನ್ನು ಹತ್ತಿದ ನಾನೂ ಹಾರಿಸಿದೆ. ಯಾಕಪ್ಪ ಎಂದು ಕೇಳಿದರೆ, "ನೀವು ಕಥಿ ಬರೀರಿ ಸರ, ನನ್ನ ಸಿಲಬಸ್ ನಿಮಗ್ಯಾಕ," ಅಂದ.

ಗುಟ್ಟನ್ನು ಕೊನೆತನಕ ಮುಚ್ಚಿಟ್ಟು ನಿಮ್ಮನ್ನು ಬೆರಗುಗೊಳಿಸುವ ಆಸೆ ನನಗಿತ್ತು. ಆದರೆ ಮಾನಮ್ಮ ಮೊದಲ ಸಾಲಿನಿಂದ ಇಲ್ಲೇ ಕೂತಿದ್ದಾಳೆ. ಅವಳ ಮೇಲಿನ ಹಲ್ಲುಗಳು ಮುಂದಕ್ಕೆ ಚಾಚಿವೆ, ತುಟಿ ಕೂಡುವುದಿಲ್ಲ. ಹೊರಗಿನವರೆದುರು ಮಾತಾಡುವಾಗ ಸೆರಗು ಬಾಯಿಗೆ ಬರುತ್ತದೆ, ನಗುವಾಗಂತೂ ಮನೆಯಲ್ಲೂ. ಜಾಲಹಳ್ಳಿಯಲ್ಲಿ ಅವಳನ್ನು ಹಲ್ಲುಬ್ಬಿ ಎಂದವನ ಹಣೆಗೆ ಎಂಟು ವರ್ಷದ ಮೌನಪ್ಪ ಕಲ್ಲು ಬೀಸಿದ್ದ. ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರೆ ಹತ್ತು ಅಂಕ ಕೊಡುತ್ತಾರೆ ಅಂದರೆ ಅವನ ನಾಲಗೆ ಹೇಗೆ ಹೊರಳಬೇಕು?

2, ಭಾಗ ಒಂದು

ಮಾನಮ್ಮ ಮೊರ ಕೆಳಗಿಟ್ಟಳು.

"ನಡುವ ಒಂದು ಕಾಳು ಆರಿಸಿ ಒಗೀತಿಯಲ್ಲ, ತಮ್ಮಾ. ಅದು ಯಾರ ಬಾಯಿ?"

"ಯಾರದೂ ಅಲ್ಲ. ಪರೀಕ್ಷಾದಾಗ ಅದು ಬರೂದಿಲ್ಲ."

"ಎರಡು ಸಲ ಬಂತಂತ ನೀನೇ ಹೇಳೀದಿ. ಗಿರಣ್ಯಾಗ ಹದಿನಾರು ವರ್ಷದಿಂದ ಅಕ್ಕಿ ಹಸನ ಮಾಡಾಕತ್ತೀನಿ. ನನಗ ಕಾಣೂದಿಲ್ಲಂತ ತಿಳದಿಯೇನು?"

ಎದ್ದು, ಮಧ್ಯಾಹ್ನದ ಬಿಸಿಲು ಬೀಳುವ ಹೊಸ್ತಿಲಲ್ಲಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಯಿ ತೆರೆದಳು. ಓಣಿಯಲ್ಲಿ ಮಂದಿ ಓಡಾಡುತ್ತಿದ್ದರು. ಮೌನಪ್ಪ ಓಣಿಯ ಕಡೆ ನೋಡಿದ. ಅವಳು ಬಾಯಿ ಮುಚ್ಚಲಿಲ್ಲ. ಕಡೆಗೆ ಅವನು ಬಾಯೊಳಗೆ ನೋಡುವ ಪುಟ್ಟ ಕನ್ನಡಿಯನ್ನು ಬಿಸಿನೀರಿನಲ್ಲಿ ತೊಳೆದು ತಂದ. ಮೇಲಿನ ಹಲ್ಲು ಕೆಳಗಿನದಕ್ಕಿಂತ ಒಂಬತ್ತು ಮಿಲಿಮೀಟರ್ ಮುಂದೆ. ಗೂಟ ಕುಳಿ ತಪ್ಪಿದೆ, ಕೆಳಗಿನ ಕಲ್ಲು ಹಿಂದೆ ಸರಿದಿದೆ. ಒಂದೊಂದನ್ನೇ ಗಟ್ಟಿಯಾಗಿ ಹೇಳುತ್ತ ಹೋದ, ಶುರುವಿಗೆ ತಮ್ಮನ ದನಿಯಲ್ಲಿ. ದವಡೆಗೆ ಬರುವ ಹೊತ್ತಿಗೆ ಅದು ಡಾಕ್ಟರರ ದನಿಯಾಗಿತ್ತು.

"ಸರಿ ಆಗತದೇನು ಇದು?" ಅಂದಳು ಬಾಯಿ ಮುಚ್ಚಿ.

"ಹನ್ನೆರಡು ವರ್ಷಕ್ಕ ಯಾರರ ನೋಡಿದ್ರ ಲಗೂನ ಆಗ್ತಿತ್ತು, ಯಕ್ಕಾ. ಈಗೂ ಆಗತದ. ಎರಡು ವರ್ಷ ತಂತಿ ಹಾಕ್ಕೋಬೇಕು."

"ಹನ್ನೆರಡಕ್ಕ ನಿನ್ನ ಬಗಲಾಗ ಎತ್ತಿಕೊಂಡು ಅಡ್ಡಾಡ್ತಿದ್ನಲೇ. ತಂತಿ ಹಾಕ್ಕೊಳ್ಳಾಕ ಪುರಸತ್ತು ಎಲ್ಲಿತ್ತು?"

ಈಗ ಮುಕ್ತಾಯಗಳು. ಮೊದಲನೆಯದು: ಅದೇ ಪರೀಕ್ಷಕರು, ಅದೇ ಸೆಟ್ಟು, ಉತ್ತರ ಸರಿ, ರಾಯಚೂರಿನಲ್ಲಿ ಹಲ್ಲಿನ ಡಾಕ್ಟರ್ ಬೋರ್ಡು. (ಸಿಹಿ ಜಾಸ್ತಿ. ಹಲ್ಲಿಗೆ ಕೇಡು.) ಎರಡನೆಯದು: ಈ ಸಲ ಖಾಸಿಂ ಸಾಬ್‌ನ ಸೆಟ್ಟು ಬಂದು, ಗಾಬರಿಯಲ್ಲಿ ಅವನ ಹೆಸರೇ ಹೇಳಿ ಹೊರಬೀಳುತ್ತಾನೆ. (ಇಷ್ಟು ಓದಿಸಿ ಹೀಗೆ ಮಾಡಿದರೆ ನೀವು ನನ್ನನ್ನು ಬಿಡುತ್ತೀರಾ?) ಯಾವುದಿರಲಿ ಎಂದು ಮಾನಮ್ಮನನ್ನೇ ಕೇಳಿದೆ.

"ಅದನ್ನ ನೀವ್ಯಾಕ ಬರೀತೀರಿ?" ಅಂದಳು. "ಪರೀಕ್ಷಾ ಕೊಡಾವ ಅವ."

ನಾನು ಪೆನ್ನಿನ ಮುಚ್ಚಳ ಹಾಕಿದೆ. ಆದರೂ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋದೆ, ಕಳಿಸಿಕೊಡಲು. ಮೌನಪ್ಪ ಕಿಟಕಿಯ ಪಕ್ಕ ಕೂತಿದ್ದ, ತೊಡೆಯ ಮೇಲೆ ಟ್ರಂಕು. ಮಾನಮ್ಮ ಕೆಳಗೆ ನಿಂತು ಸರಳು ಹಿಡಿದಿದ್ದಳು.

"ಎರಡರಾಗ ಒಂದು. ಯಾರು?"

"ಮಾನಮ್ಮ."

"ಸರ್ ಮುಂದ ಹಿಂಗ ಅಂದಿಗಿಂದಿ ಮತ್ತ."

"ಅಂದ್ರ ಯಾವ ದೇಶದಾಕಿ ಅಂತ ಕೇಳ್ತಾರ, ಅಷ್ಟ."

ಬಸ್ಸು ಹೊರಟಿತು. ಸ್ಟ್ಯಾಂಡಿನ ಧೂಳೆಲ್ಲ ಎದ್ದು ಬಂತು. ಮಾನಮ್ಮ ಸೆರಗೆತ್ತಿ ಕಣ್ಣಿಗಷ್ಟೇ ಅಡ್ಡ ಹಿಡಿದಳು. ಅದರ ಕೆಳಗೆ ಅವಳು ನಗುತ್ತಿದ್ದಳು.