ಹೊಸ ಲೋಟ

ಕಾಡುಗೋಡಿಯ ವಠಾರದ ಒಡತಿ ವೆಂಕಟಮ್ಮನಿಗೆ ಶನಿವಾರ ಒಪ್ಪತ್ತು. ಆದರೂ ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬಾರದೆಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ನುಂಗಿದ್ದಳು. ಮಧ್ಯಾಹ್ನ ಟ್ಯಾಂಕ್ ತುಂಬಿ ಹರಿಯುವುದನ್ನು ಕಂಡು, ಬಾಡಿಗೆಗಿದ್ದ ಮಲಕವ್ವನನ್ನು ಬೈಯಲು ಮಹಡಿ ಹತ್ತಿದಳು.

"ನೀರೇನ್ ನಿಮ್ಮಪ್ಪನ್ ಮನೇದಾ?" ಎಂದು ಶುರುಮಾಡಿದವಳಿಗೆ ಮುಂದಿನ ಮಾತು ಹೊರಡಲಿಲ್ಲ. ಮೈಯೆಲ್ಲ ಬೆವರಿ, ಕಣ್ಣು ಮಂಜಾಯಿತು. ಸಕ್ಕರೆ ಇಳಿದುಬಿಟ್ಟಿತ್ತು. ಮಲಕವ್ವನ ಕೈಯಲ್ಲಿದ್ದ ಅರ್ಧ ಕುಡಿದ ಚಹಾದ ಲೋಟವನ್ನು ವೆಂಕಟಮ್ಮ ಕಸಿದುಕೊಂಡು ಗಟಗಟನೆ ಕುಡಿದಳು. ಪಾಕದಷ್ಟು ಸಿಹಿಯಿತ್ತು.

ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಯಿತು. ಕೈಯಲ್ಲಿದ್ದ ಎಂಜಲು ಲೋಟ ಕಂಡಿತು. ಬಾಡಿಗೆಯವರ ಮನೆಯಲ್ಲಿ ಒಂದು ಗುಟುಕು ನೀರೂ ಮುಟ್ಟುವವಳಲ್ಲ ತಾನೆಂದು, ಇದೇ ಮಲಕವ್ವನ ಎದುರಿಗೇ ಎಷ್ಟು ಸಲ ಹೇಳಿದ್ದಳೋ! ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಸೆರಗಿನಲ್ಲಿ ಮುಚ್ಚಿಕೊಂಡಳು.

ಮಲಕವ್ವ ಗೂಡಿನಿಂದ ಬೇರೊಂದು ಲೋಟ ತೆಗೆದಳು. ತೊಳೆದಳು, ಮತ್ತೊಮ್ಮೆ ತೊಳೆದಳು. ನೀರಿಗೆ ಸಕ್ಕರೆ ಕದಡಿ ತಂದು ಹಿಡಿದಳು.

"ಇನ್ನಷ್ಟು ಕುಡೀರಿ ಅಕ್ಕಾರ," ಎಂದಳು, ತಲೆ ತಗ್ಗಿಸಿ. "ಇದು ಹೊಸಾ ಲೋಟ ಐತ್ರಿ. ನಾವ್ಯಾರೂ ಬಾಯಿ ಹಚ್ಚಿಲ್ಲ."