ಸ್ಪಿರಿಟ್ಟಿನ ಉಂಗುರ

ಮೆಹಜಬೀನ್ ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೀವಿನಿಂದ ತೆಗೆದು ಬೆಳೆಸಿದ ಬ್ಯಾಕ್ಟೀರಿಯಾ ತಟ್ಟೆಯ ತುಂಬ ಹಾಲಿನ ಕೆನೆಯಂತೆ ಹಬ್ಬಿತ್ತು. ತಂಗಡಿ ಸೊಪ್ಪಿನ ಸಾರದಲ್ಲಿ ಅದ್ದಿದ ಕಾಗದದ ಚೂರಿನ ಸುತ್ತ ಮಾತ್ರ ಏನೂ ಬೆಳೆಯದೆ ತಿಳಿಯಾದ ಉಂಗುರ ಮೂಡಿತ್ತು. ಮೊದಲ ಸಲ ಅದನ್ನು ಕಂಡಾಗ ಅವಳು ಚಳ್ಳಕೆರೆಯ ಕಾಲೇಜಿನಿಂದ ಮನೆತನಕ ಓಡಿದ್ದಳು. ಗಾಯ ಎಂದು ಬಂದವರಿಗೆಲ್ಲ ಅವಳ ದಾದಿ, ಅಪ್ಪನ ತಾಯಿ ಹಲೀಮಾ ಬೀ ಕಟ್ಟುತ್ತಿದ್ದುದು ಅದೇ ಸೊಪ್ಪು.

ಇವತ್ತು ಓಡಲಿಲ್ಲ. ಸಾರ ಇಳಿಸಿದ್ದು ಸ್ಪಿರಿಟ್ಟಿನಲ್ಲಿ, ಕೊಂದಿದ್ದೂ ಅದೇ ಇರಬಹುದೇ ಎಂಬ ಅನುಮಾನಕ್ಕೆ, ಬರೀ ಸ್ಪಿರಿಟ್ಟಿನಲ್ಲಿ ಅದ್ದಿದ ಚೂರನ್ನೂ ಪಕ್ಕದಲ್ಲಿಟ್ಟಿದ್ದಳು. ಅದರ ಸುತ್ತಲೂ ಅಷ್ಟೇ ಅಗಲದ ಉಂಗುರ.

ಎಣ್ಣೆ ಮಿಲ್ಲಿನ ಹಾಲೇಶಪ್ಪ ಆಗಲೇ ಲ್ಯಾಬಿಗೆ ಬಂದು ಕೂತಿದ್ದರು. ಕಾಲೇಜಿನ ಆಡಳಿತ ಮಂಡಳಿಯವರು. ಶೇಂಗಾ ಎಣ್ಣೆಯಲ್ಲಿ ತಂಗಡಿ ಕುದಿಸಿ ಮುಲಾಮು ಮಾಡಿಸಿದ್ದರು. ಡಬ್ಬಿಯ ಮೇಲೆ ‘ಕಾಲೇಜಿನಲ್ಲಿ ಪರೀಕ್ಷಿಸಿದ್ದು’ ಎಂದು ಅಚ್ಚು ಹಾಕಿಸಲು ಲೆಕ್ಚರರ್ ಕಮಲಾಕ್ಷಮ್ಮನವರ ಸಹಿ ಬೇಕಿತ್ತು. ಕಮಲಾಕ್ಷಮ್ಮ ಪೆನ್ನು ತೆಗೆದಿದ್ದರು.

“ಸಹಿ ಬೇಡ ಮೇಡಂ,” ಎಂದು ಮೆಹಜಬೀನ್ ತಟ್ಟೆ ಮುಂದಿಟ್ಟಳು. “ಸೊಪ್ಪಿಲ್ದೇನೂ ಉಂಗುರ ಬಂದೈತೆ. ಕೊಂದಿದ್ದು ಸ್ಪಿರಿಟ್ಟೇ ಇರಬೌದು.”

“ಯಾವುದೋ ಒಂದು ಕೊಲ್ತಲ್ಲ, ಬಿಡವ್ವ,” ಹಾಲೇಶಪ್ಪ ನಕ್ಕರು.

“ನಿಮ್ಮ ಡಬ್ಬೀಲಿ ಸ್ಪಿರಿಟ್ ಎಲ್ಲೈತ್ರಿ ಸಾವ್ಕಾರ್ರೆ? ಬರೀ ಎಣ್ಣೆ ಐತೆ. ಅದನ್ನೂ ತಟ್ಟೆಯ ಈ ಕಡೆ ಇಟ್ಟೀನಿ, ನೋಡ್ರಿ.”

ಮುಲಾಮಿನ ಅಂಚಿನವರೆಗೂ ಬ್ಯಾಕ್ಟೀರಿಯಾ ನಿರಾಳವಾಗಿ ಬೆಳೆದಿತ್ತು.

“ನಿಮ್ಮಜ್ಜಿ ಸೊಪ್ಪಿನ ಮರ್ಯಾದೆ ನೀನೇ ತೆಗೀತೀಯಲ್ಲೇ,” ಎಂದರು ಹಾಲೇಶಪ್ಪ.

ಆ ಮಾತು ತಾಗಿತು. ಉಂಗುರ ನಿಜವಾಗಲಿ ಎಂದು ಅವಳಷ್ಟು ಬಯಸಿದವರು ಇನ್ಯಾರೂ ಇರಲಿಲ್ಲ.

“ಗಾಯ ಊದಿಕೊಂಡ್ರೆ ನಮ್ಮ ದಾದಿ ಸೊಪ್ಪು ಬಿಚ್ಚಿ ಆಸ್ಪತ್ರೆಗೆ ಅಟ್ತಾಳ್ರಿ. ನಿಮ್ಮ ಡಬ್ಬಿ ಅಟ್ಟುತ್ತಾ?”

“ಹಂಗಂತ ಬರೆದ್ರೂ ಕೊಳ್ಳೋ ಕುರಿ ಕಾಯೋರೇನು ಚೀಟಿ ಓದ್ತಾರಾ? ನಿನ್ನ ಪರೀಕ್ಷೆಗೆ ಕೂರ್ಸೋರು ಯಾರು ಅನ್ನೋದು ನೆನಪೈತಲ್ಲ?”

“ಐತ್ರಿ. ಓದಕ್ಕೆ ಬರದೋರ ಹುಣ್ಣಿಗೆ ಸುಳ್ಳು ಸವರಿ ನಾನ್ಯಾವ ಪಾಸು ಆಗ್ಲಿ?”

ಕಮಲಾಕ್ಷಮ್ಮ ಒಮ್ಮೆ ತಟ್ಟೆ ನೋಡಿದರು, ಒಮ್ಮೆ ಹಾಲೇಶಪ್ಪನವರ ಮುಖ ನೋಡಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು. “ಆಕಿ ಪರೀಕ್ಷೆಗೆ ಕೂರ್ತಾಳೆ,” ಎಂದರು ಮೆಲ್ಲಗೆ. “ಹಾಜರಿ ನನ್ನ ಕೈಲೈತೆ.”

ಹಾಲೇಶಪ್ಪ ಪಂಚೆ ಕೊಡವಿಕೊಂಡು ಎದ್ದು ಹೋದರು.

ಮೆಹಜಬೀನ್ ಚೀಲ ಹೆಗಲಿಗೇರಿಸಿದಳು. ಪರಶುರಾಂಪುರದ ಬಸ್ಸು ಹಿಡಿದರೆ ರಸ್ತೆಯುದ್ದಕ್ಕೂ ತಂಗಡಿ ಗಿಡ. ಈ ಸಲ ಸ್ಪಿರಿಟ್ ಪೂರಾ ಆರಿದ ಮೇಲೇ ಚೂರು ಇಡುವುದು. ಸೊಪ್ಪಿನಲ್ಲಿ ಗುಣವಿದ್ದರೆ ಅದು ತನ್ನ ಉಂಗುರವನ್ನು ತಾನೇ ಮೂಡಿಸಲಿ.