ಗುಡ್ಡಕ್ಕೆ ಹೋಗುವ ಮುನ್ನ ಒಂದು ಚೀಟಿ

ಹೊಸ್ತಿಲು ದಾಟುವವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು. ಇದು ನಿಮ್ಮ ಮನೆಯಲ್ಲೂ ಇರುವ ಮಾತೇ ಅಲ್ಲವೇ? ಮಾನ್ವಿಯ ಭಾಗೀರಥಿಬಾಯಿಯವರ ಮನೆಯಲ್ಲಂತೂ ಇದು ಕಟ್ಟುನಿಟ್ಟು. ಸಂತೆಗೆ ಹೊರಟ ಮಗನನ್ನೂ ಕೇಳುವಂತಿಲ್ಲ, ಮಂತ್ರಾಲಯಕ್ಕೆ ಹೊರಟ ಬೀಗರನ್ನೂ ಕೇಳುವಂತಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ಎಪ್ಪತ್ತೆಂಟರ ಆ ಅಜ್ಜಿಯ ನಂಬಿಕೆ. ಸೊಸೆ ಶ್ರೀಲಕ್ಷ್ಮೀ ಈ ಮನೆಗೆ ಬಂದು ಇಪ್ಪತ್ತೈದು ವರ್ಷ. ಪಾಪ, ಅವಳಿಗೂ ಅದೇ ರೂಢಿಯಾಗಿಬಿಟ್ಟಿತ್ತು.

ಮೇ ತಿಂಗಳ ಒಂದು ಶನಿವಾರ, ಬೆಳಗಿನ ತಂಪಿನಲ್ಲೇ ಅವಳ ಮಗ ಸುಮಂತ ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ನಿಂತ. ರಾಯಚೂರಿನ ಕಾಲೇಜಿನಲ್ಲಿ ಕೊನೆಯ ವರ್ಷದ ಪರೀಕ್ಷೆ ಮುಗಿಸಿದ್ದ. ಗಬ್ಬೂರಿನ ಗೆಳೆಯ ಉಮೇಶ ಹೊರಗೆ ಬೈಕ್ ಮೇಲೆ ಕಾಯುತ್ತಿದ್ದ. ಗುಡ್ಡ ಹತ್ತುತ್ತಾರೆ, ಟೆಂಟ್ ಹಾಕಿ ಮಲಗುತ್ತಾರೆ, ಕೆರೆಯಲ್ಲಿ ದೋಣಿ ನಡೆಸುತ್ತಾರೆ. ಇಷ್ಟು ಶ್ರೀಲಕ್ಷ್ಮೀಗೆ ಗೊತ್ತಿತ್ತು. ಅವಲಕ್ಕಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟವಳೂ ಅವಳೇ.

“ಅಮ್ಮಾ, ನಾವು ಹೋಗೂದು...” ಎಂದು ಸುಮಂತ ಬಾಯಿ ತೆರೆದ.

“ಸುಮ್ನಿರೋ!” ಒಳಗಿನಿಂದ ಅಜ್ಜಿ ಗದರಿದರು. “ಹೊಂಟ ಹೊತ್ತಿನ್ಯಾಗ ಊರ ಹೆಸರು ಹೇಳ್ತಾರೇನು? ಹೋಗಿ ಬರ್ತೀನಿ ಅನ್ನು, ನಮಸ್ಕಾರ ಮಾಡು, ನಡಿ.”

ಹುಡುಗ ನಕ್ಕು, ಕಾಲಿಗೆ ಬಿದ್ದು ಹೊರಟುಹೋದ. ಫೋನ್ ಇದೆಯಲ್ಲ, ಆಮೇಲೆ ಕೇಳಿದರಾಯಿತು ಎಂದುಕೊಂಡಳು ಶ್ರೀಲಕ್ಷ್ಮೀ. ನಾವೆಲ್ಲ ಅಂದುಕೊಳ್ಳುವುದೂ ಹೀಗೆಯೇ.

ಶನಿವಾರ ಮಧ್ಯಾಹ್ನದಿಂದ ಫೋನ್ ಹತ್ತಲೇ ಇಲ್ಲ. ಗುಡ್ಡದಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಭಾನುವಾರ ಊಟಕ್ಕೆ ಬಂದಾನು ಎಂದು ಕಾದಳು, ಸಂಜೆಗೆ ಬಂದಾನು ಎಂದು ಕಾದಳು. ಯಾವತ್ತು ಬರುತ್ತೇನೆ ಎಂದೂ ಅವನು ಹೇಳಿರಲಿಲ್ಲವಲ್ಲ! ಸೋಮವಾರ ಬೆಳಿಗ್ಗೆ ಉಮೇಶನ ಅಕ್ಕ ಗಬ್ಬೂರಿನಿಂದ ಫೋನ್ ಮಾಡಿದಳು.

“ಅಕ್ಕಾರ, ನಮ್ಮ ಉಮೇಶ ನಿಮ್ಮ ಮನ್ಯಾಗ ಅದಾನಲ್ರೀ? ಅವನ ಫೋನ್ ಹತ್ತವಲ್ದು. ಸ್ವಲ್ಪ ಕೊಡ್ರಿ ಅವಗ.”

ಮಾನ್ವಿಗೆ ಹೋಗುತ್ತೇನೆ ಎಂದಷ್ಟೇ ಅವನು ಮನೆಯಲ್ಲಿ ಹೇಳಿದ್ದ. ಗಂಡ ಗುರುರಾಜ ಪೊಲೀಸ್ ಠಾಣೆಗೆ ಓಡಿದರು. ಅಲ್ಲಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಯಾವ ಗುಡ್ಡರೀ?” ಮೂವತ್ತು ವರ್ಷ ಮೇಷ್ಟರಾಗಿ ಮಕ್ಕಳಿಗೆ ಪ್ರಶ್ನೆ ಕೇಳಿದ ಮನುಷ್ಯ ಹೆಂಡತಿಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದರು.

ವಿಷಯ ಕೇಳಿ ಎದುರು ಮನೆಯ ಶಶಿಕಲಾ ಓಡಿಬಂದಳು. ಅವಳು ಹೈಸ್ಕೂಲಿನ ಆಟದ ಟೀಚರ್. ಪ್ರತಿ ಬೇಸಿಗೆಯಲ್ಲಿ ಹುಡುಗಿಯರನ್ನು ಗುಡ್ಡ ಹತ್ತಿಸಲು, ದೋಣಿ ಕಲಿಸಲು ಕರೆದುಕೊಂಡು ಹೋಗುವವಳು.

“ಅಕ್ಕಾರ, ಆಮ್ಯಾಲೆ ಅಳೂಣಂತ. ಬೈಕ್ ನಂಬರ್ ಗೊತ್ತದೇನ್ರೀ? ಯಾವ ದಾರಿ ಹಿಡದಾರ? ನೀರು ಎಷ್ಟು ಒಯ್ದಾರ?”

“ಗೊತ್ತಿಲ್ಲ ಶಶಿಕಲಾ, ನನಗೇನೂ ಗೊತ್ತಿಲ್ಲ. ಹೆತ್ತ ತಾಯಿ ನಾನು. ಮಗ ಯಾವ ದಿಕ್ಕಿಗೆ ಹೋದ ಅನ್ನೂದ ಗೊತ್ತಿಲ್ಲ.”

ಮೂಲೆಯಲ್ಲಿ ಜಪಮಾಲೆ ಹಿಡಿದಿದ್ದ ಅಜ್ಜಿ ತಲೆ ಎತ್ತಿದರು. “ರಾಯರಿದ್ದಾರ, ಬರ್ತಾನ ಬಿಡು. ಹೆಸರು ಕೇಳಿದ್ರ ಗುಡ್ಡ ಏನು ಹತ್ರ ಬರ್ತಿತ್ತೇನು?”

“ಅಜ್ಜೀರೆ, ರಾಯರು ಕಾಯ್ತಾರ, ಖರೆ,” ಎಂದಳು ಶಶಿಕಲಾ ಮೆಲ್ಲಗೆ. “ಆದ್ರ ಹುಡುಕಾಕ ಹೋಗೋರು ಮನುಷ್ಯಾರು. ಅವರಿಗೆ ಗುಡ್ಡದ ಹೆಸರು ಬೇಕಲ್ರೀ.”

ಶಶಿಕಲಾ ಸುಮಂತನ ಕಾಲೇಜಿನ ಗೆಳೆಯರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡುತ್ತ ಕೂತಳು. ಒಬ್ಬ ಹಂಪಿ ಅಂದ, ಇನ್ನೊಬ್ಬ ಕುದುರೆಮುಖ ಅಂದ. ಹನ್ನೊಂದನೆಯವಳು ನಿಗಾರ್ ಎಂಬ ಹುಡುಗಿ.

“ಶನಿವಾರ ಉಮೇಶ ಸ್ಟೇಟಸ್ ಹಾಕಿದ್ದ ಮೇಡಂ. ಈಗ ಅದು ಹೋಗೇದ. ಕೆರಿ ಚಂದ ಅದ ಅಂತ ನಾನು ಸ್ಕ್ರೀನ್‌ಶಾಟ್ ಇಟ್ಕೊಂಡೀನಿ. ಕಳಸ್ಲೇನು?”

ಫೋಟೊ ಬಂತು. ನೀಲಿ ನೀರು, ಎರಡು ಕೆಂಪು ದೋಣಿ, ಹಿಂದೆ ನೆತ್ತಿ ಸೀಳಿದಂತಿರುವ ಗುಡ್ಡ. ಶಶಿಕಲಾ ನೋಡಿದ ಕೂಡಲೇ ಗುರುತು ಹಿಡಿದಳು. ಸಂಡೂರು ಕಡೆಯ ಆ ಕೆರೆಯಲ್ಲಿ ಅವಳೇ ಹುಡುಗಿಯರಿಗೆ ಹುಟ್ಟು ಹಾಕುವುದನ್ನು ಕಲಿಸಿದ್ದಳು. ಅಲ್ಲೇ ಕೂತು ತುರ್ತು ಸಹಾಯದ 112ಕ್ಕೆ ಫೋನ್ ಮಾಡಿ ಜಾಗ ಹೇಳಿದಳು, ಠಾಣೆಯಲ್ಲಿದ್ದ ಗುರುರಾಜರಿಗೂ ತಿಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು, ಅರಣ್ಯ ಇಲಾಖೆಯವರು ಗುಡ್ಡ ಹತ್ತಿದರು. ಆ ನಾಲ್ಕು ತಾಸು ಶ್ರೀಲಕ್ಷ್ಮೀ ಒಂದು ಗುಟುಕು ನೀರು ಕುಡಿಯಲಿಲ್ಲ. ಮಗನ ಬಳಿ ನೀರಿದೆಯೋ ಇಲ್ಲವೋ ಎಂಬುದೊಂದೇ ಅವಳ ಚಿಂತೆ.

ನೀರಿರಲಿಲ್ಲ. ಭಾನುವಾರ ಬೆಳಿಗ್ಗೆ ಇಳಿಯುವಾಗ ಸುಮಂತ ಜಾರಿ ಕೊರಕಲಿಗೆ ಬಿದ್ದಿದ್ದ, ಕಾಲು ಮುರಿದಿತ್ತು. ಸಹಾಯ ತರಲು ಹೊರಟ ಉಮೇಶ ಎರಡು ಸಲ ದಾರಿ ತಪ್ಪಿ ಮರಳಿ ಅಲ್ಲಿಗೇ ಬಂದಿದ್ದ. ಮಧ್ಯಾಹ್ನಕ್ಕೆ ಬಾಟಲಿಗಳು ಖಾಲಿ. ಸೋಮವಾರ ನಾಲ್ಕು ಗಂಟೆಗೆ ಅವರು ಸಿಕ್ಕಾಗ ಸುಮಂತನಿಗೆ ಮಾತಾಡುವ ತ್ರಾಣವಿರಲಿಲ್ಲ. “ಇನ್ನೊಂದು ದಿನ ಆಗಿದ್ರ ಕಷ್ಟ ಇತ್ತು,” ಎಂದರು ಬಳ್ಳಾರಿಯ ಆಸ್ಪತ್ರೆಯ ಡಾಕ್ಟರು.

ಮರುದಿನ ಅವನು ಕಣ್ಣು ಬಿಟ್ಟು ಮಾತಾಡಿದ.

“ಅಮ್ಮಾ, ಈಗ ಬರ್ತಾರ, ಇನ್ನೊಂದು ತಾಸಿಗೆ ಹುಡುಕ್ಕೋತ ಬರ್ತಾರ ಅಂತ ಕಾದೆ. ಆಮ್ಯಾಲೆ ನೆನಪಾತು, ನಾವು ಇಲ್ಲಿದ್ದದ್ದು ಯಾರಿಗೂ ಗೊತ್ತಿಲ್ಲ ಅಂತ. ಕಾಲು ಮುರದಾಗೂ ನಾ ಅತ್ತಿರಲಿಲ್ಲ. ಆವಾಗ ಅತ್ತೆ.”

ಭಾಗೀರಥಿಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದರು. “ಹೇಳಲಿಕ್ಕೆ ಬಂದ ಕೂಸಿನ ಬಾಯಿ ನಾನ ಮುಚ್ಚಿದೆ.”

ಶಶಿಕಲಾ ಅವರ ಕೈ ಹಿಡಿದುಕೊಂಡಳು. “ನಿಮ್ಮ ಪದ್ಧತಿ ಬಿಡ್ರಿ ಅಂತ ನಾ ಅನ್ನಂಗಿಲ್ಲ ಅಜ್ಜೀರೆ. ಹೊಸ್ತಿಲದಾಗ ಕೇಳಬ್ಯಾಡ್ರಿ. ಹಿಂದಿನ ದಿನ ಸಂಜಿಕ ಕೂಡಿಸ್ಕೊಂಡು ಒಂದು ಚೀಟಿ ಬರಸ್ರಿ. ಯಾವ ಗುಡ್ಡ, ಯಾವ ದಾರಿ, ಎಲ್ಲಿ ಮಲಗ್ತಾರ, ಜೋಡಿ ಯಾರದಾರ, ಅವರ ಫೋನ್ ನಂಬರು, ಗಾಡಿ ನಂಬರು. ಯಾವತ್ತು ಎಷ್ಟು ಗಂಟಿಗೆ ವಾಪಸ್ ಬರ್ತಾರ, ಅದು ಮುಖ್ಯ. ಆ ಹೊತ್ತು ಮೀರಿತು, ಫೋನಿಲ್ಲ ಅಂದ್ರ ನಾಳೆ ನೋಡೂಣ ಅನ್ನಬಾರದು. 112ಕ್ಕ ಹಚ್ಚಬೇಕು.”

“ದಾರಿ ನಡುವ ಮನಸ್ಸು ಬದಲಾದ್ರ?” ಗುರುರಾಜ ಕೇಳಿದರು.

“ಸಿಗ್ನಲ್ ಇರೋ ಕಡೆ ನಿಂತು ಮನಿಗೆ ಹೇಳಬೇಕ್ರಿ, ಆಮ್ಯಾಲೆ ಮುಂದ ಹೋಗಬೇಕು. ಅರಣ್ಯದವರ ಪರವಾನಗಿ ತಗೊಂಡ್ರ ಅಲ್ಲೂ ಹೆಸರು ಬರೀತಾರ. ದೋಣಿ ಹತ್ತಿದ್ರ ಲೈಫ್ ಜಾಕೆಟ್ ಬಿಚ್ಚಂಗಿಲ್ಲ. ಈಜು ಬರ್ತದ ಅಂತ ಶಾಣ್ಯಾತನ ಮಾಡಬಾರದು.”

ಎರಡು ವಾರದ ನಂತರ ಶಶಿಕಲಾಳ ಹದಿನೇಳು ಹುಡುಗಿಯರು ಶಿಬಿರಕ್ಕೆ ಹೊರಡುವವರಿದ್ದರು. ಹಿಂದಿನ ಸಂಜೆ ಭಾಗೀರಥಿಬಾಯಿ ತಮ್ಮ ಕಟ್ಟೆಯ ಮೇಲೆ ಕನ್ನಡಕ ಹಾಕಿಕೊಂಡು ಕೂತು ಮನೆಮನೆಯವರಿಂದ ಚೀಟಿ ಬರೆಸಿದರು. ಮೌನೇಶ್ವರಿ ಎಂಬ ಹುಡುಗಿಯ ತಾಯಿ ದುರುಗಮ್ಮ ಪೆನ್ನು ಹಿಡಿದವಳು ಹಿಂದೆಮುಂದೆ ನೋಡಿದಳು.

“ಹೋಗೋ ಮೊದ್ಲ ಹಿಂಗೆಲ್ಲ ಬರದ್ರ ಕೆಟ್ಟ ಆಗಂಗಿಲ್ಲೇನ್ರೀ ಅವ್ವಾರ?”

“ದುರುಗಮ್ಮಾ, ನನ್ನ ಮೊಮ್ಮಗ ಬಾಯಾರಿ ಬಿದ್ದಾಗ ಯಾವ ದಿಕ್ಕಿಗೆ ಮುಖ ಮಾಡಿ ಕೈ ಮುಗೀಬೇಕು ಅನ್ನೂದ ನನಗ ಗೊತ್ತಿರಲಿಲ್ಲ. ಆ ಸಂಕಟ ನಿನಗ ಬ್ಯಾಡ. ಬರಿಯವ್ವಾ.”

ದುರುಗಮ್ಮ ಬರೆದಳು.

ಅಣ್ಣಂದಿರೇ, ಅಕ್ಕಂದಿರೇ, ಬೇಸಿಗೆ ರಜೆಗೆ ನಮ್ಮ ಮಕ್ಕಳು ಗುಡ್ಡ ಹತ್ತಲಿ, ನೀರಿಗಿಳಿದು ದೋಣಿ ನಡೆಸಲಿ, ಬಯಲಲ್ಲಿ ಮಲಗಿ ಚುಕ್ಕಿ ನೋಡಲಿ. ತಡೆಯಬೇಡಿ. ಆದರೆ ಕೇಳಿ, ಬರೆಸಿಕೊಳ್ಳಿ. ಇವತ್ತು ನಿಮ್ಮ ಮನೆಯಿಂದ ಯಾರಾದರೂ ಹಾಗೆ ಹೋಗಿದ್ದಾರೆಯೇ? ಯಾವ ಗುಡ್ಡ, ಯಾವ ದಾರಿ, ಯಾವಾಗ ಬರುತ್ತಾರೆ, ಈಗಲೇ ಹೇಳಬಲ್ಲಿರಾ? ಹೇಳಲಾಗದಿದ್ದರೆ ನೀವು ಓದುತ್ತಿರುವ ಈ ಕಾಗದ ಕೆಳಗಿಟ್ಟು, ಮೊದಲು ಅವರಿಗೆ ಫೋನ್ ಮಾಡಿ.